ಪಟವಾರಿಯ ದಫ್ತರದಿಂದ ಮೊಬೈಲಿನ ಪಹಣಿಗೆ

ಮುಧೋಳ ಎಂದೊಡನೆ ಹಲವರಿಗೆ ಬೇಟೆನಾಯಿ ನೆನಪಾಗುತ್ತದೆ. ಅದು ಬಾಗಲಕೋಟೆಯ ಮುಧೋಳ. ಇದು ತೆಲಂಗಾಣದ ಗಡಿಗೆ ಹತ್ತಿಕೊಂಡ ಸೇಡಂ ತಾಲ್ಲೂಕಿನ ಮುಧೋಳ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ನಿಜಾಮರ ಸೀಮೆ. ಆಗ ಊರಿನ ಆಡಳಿತ ಮೂವರ ಕೈಯಲ್ಲಿತ್ತು: ಕಂದಾಯಕ್ಕೆ ಮಾಲಿಪಾಟೀಲ, ಕಳ್ಳಕಾಕರ ಮೇಲೆ ಕಣ್ಣಿಡಲು ಪೊಲೀಸ್ ಪಾಟೀಲ, ಕಾಗದಪತ್ರಕ್ಕೆ ಪಟವಾರಿ. ಮೊದಲಿನ ಎರಡು ಹುದ್ದೆಗಳು ಕಲಬುರಗಿ ಭಾಗದಲ್ಲಿ ಈಗ ಅಡ್ಡಹೆಸರುಗಳಾಗಿ ಉಳಿದಿವೆ.

ಯಾರ ಹೊಲ ಎಷ್ಟೆಕರೆ, ಪಟ್ಟಾ ಯಾರ ಹೆಸರಲ್ಲಿದೆ, ಬಾಕಿ ಎಷ್ಟು ಎಂಬುದೆಲ್ಲ ಪಟವಾರಿಯ ದಫ್ತರದಲ್ಲಿರುತ್ತಿತ್ತು. ಸಂಸ್ಥಾನದ ಸರ್ಕಾರಿ ಭಾಷೆ ಉರ್ದು. ವರ್ಷದ ಎಣಿಕೆ ಫಸಲಿ. 590 ಕೂಡಿಸಿದರೆ ಇಸವಿ ಹೆಚ್ಚುಕಡಿಮೆ ಸಿಗುತ್ತದೆ. ಇನ್ನೊಬ್ಬರ ವಿಷಯ ಹಾಗಿರಲಿ, ತನ್ನದೇ ಹೊಲದ ಕಾಗದ ತಿಳಿಯಬೇಕಾದರೂ ಕನ್ನಡ ರೈತ ಬಲ್ಲವರ ಮನೆ ಬಾಗಿಲಿಗೆ ಹೋಗಬೇಕಿತ್ತು. ಕಾನೂನಿನ ಕಲಮಿಗಿಂತ ಗಟ್ಟಿಯಾದ ಬೀಗ ಲಿಪಿಯದು.

ಹಾಗೆಂದು ಕಾನೂನು ಸುಮ್ಮನಿರಲಿಲ್ಲ. ಸರ್ಕಾರಿ ಪುಸ್ತಕವೆಂದ ಮಾತ್ರಕ್ಕೆ ಅದರ ಎಲ್ಲ ಪುಟಗಳನ್ನೂ ಎಲ್ಲರಿಗೂ ಬಿಚ್ಚಬೇಕಿಲ್ಲ ಎಂಬ ತಿಳಿವಳಿಕೆ ಅದಕ್ಕೆ ಹಳೆಯದು. 1908ರ ನೋಂದಣಿ ಕಾಯ್ದೆಯ 57ನೇ ಕಲಮನ್ನೇ ನೋಡಿ. ಹೊಲಮನೆ ಖರೀದಿ ದಾಖಲಾಗುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಉಯಿಲುಗಳ 3ನೇ ಪುಸ್ತಕದ ನಕಲು, ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಮುಖ್ತಾರರಿಗೆ ಮಾತ್ರ. ಸತ್ತ ಮೇಲೆ ಕೇಳಿದವರಿಗೆ. ಅಪ್ಪ ಯಾರಿಗೆ ಏನು ಬರೆದಿಟ್ಟಿದ್ದಾನೆಂದು ಮಕ್ಕಳು ಮೊದಲೇ ಇಣುಕುವಂತಿಲ್ಲ.

1969ರ ಜನನ ಮರಣ ನೋಂದಣಿ ಕಾಯ್ದೆಯದು ಇನ್ನೂ ನಾಜೂಕಿನ ಲೆಕ್ಕ. ಸಾವಿನ ದಾಖಲೆಯನ್ನು ಯಾರು ಬೇಕಾದರೂ ಹುಡುಕಿಸಬಹುದು, ಆದರೆ ಕೊಡುವ ಪ್ರತಿಯಲ್ಲಿ ಸಾವಿನ ಕಾರಣ ಇರಕೂಡದು. ಕ್ಷಯವೋ, ಬಾವಿಗೆ ಬಿದ್ದದ್ದೋ ಎಂಬ ಒಂದೇ ಮಾತಿಗೆ ಮನೆಮಗಳ ಲಗ್ನ ಮುರಿಯಬಲ್ಲ ಊರುಗಳನ್ನು ಕಂಡವರೇ ಈ ಸಾಲು ಸೇರಿಸಿರಬೇಕು. ಜನಗಣತಿಯ ಪುಸ್ತಕಕ್ಕಂತೂ 1948ರ ಕಾಯ್ದೆಯಿಂದ ಪೂರ್ತಿ ಬೀಗ.

1963ರ ಫೆಬ್ರುವರಿ 1ಕ್ಕೆ ಪಟವಾರಿಯಂಥ ವಂಶಪಾರಂಪರ್ಯದ ಊರ ಹುದ್ದೆಗಳು ಹೋದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಹೊಲದ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಬಂತು. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಸಿಗುತ್ತಿತ್ತು. ಈಗ ಮೊಬೈಲಿನಲ್ಲಿ ಹೋಬಳಿ, ಊರು, ಸರ್ವೆ ನಂಬರ್ ಒತ್ತಿದರೆ ಸಾಕು. ಪಹಣಿಯಲ್ಲಿ ಹೊಲದ ಮೇಲಿನ ಬ್ಯಾಂಕ್ ಸಾಲವೂ ಕಾಣುತ್ತದೆ. ಬೀಗರಾಗುವವರು ಎಲೆ ಅಡಿಕೆಗೆ ಮೊದಲೇ ಎಕರೆ ಎಣಿಸಬಹುದು, ಸಾಲವನ್ನೂ ಲೆಕ್ಕ ಹಾಕಬಹುದು. ಪಟವಾರಿಯ ದರ್ಪ ಮುರಿದದ್ದು ದೊಡ್ಡ ಕೆಲಸವೇ. ಅದರ ಜೊತೆಗೇ ಬಂದದ್ದು ಈ ಇಣುಕುನೋಟ.

2017ರಲ್ಲಿ ನ್ಯಾಯಾಲಯಗಳು ಎರಡು ಬಾರಿ ಮಾತಾಡಿದವು. ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಒಂದು ಹಳೆಯ ಆದೇಶದಲ್ಲಿದ್ದ ಮಹಿಳೆಯ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಹೇಳಿತು. ಆದರೆ ಅರ್ಜಿ ಹಾಕಿ ಪಡೆಯುವ ದೃಢೀಕೃತ ಪ್ರತಿಯಲ್ಲಿ ಹೆಸರು ಇರುತ್ತದೆ ಎಂದಿತು. ಕಚೇರಿಗೆ ಬಂದು ಕೇಳುವವನೂ ಕುಳಿತಲ್ಲೇ ಕೆದಕುವವನೂ ಒಂದೇ ಅಲ್ಲ ಎಂಬ 1908ರ ನೋಂದಣಿ ಕಾಯ್ದೆಯ ಜಾಣತನವೇ ಇಲ್ಲೂ ಇತ್ತು. ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದೆಡೆ, ವೈಯಕ್ತಿಕ ಮಾಹಿತಿ ಕೊಡದಿರಲು ಅವಕಾಶವಿರುವ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬಿಗಿಗೊಳಿಸಿತು. ಇನ್ನೊಂದೆಡೆ, ಕಾನೂನಿನ ಕಟ್ಟುಪಾಡಿನಿಂದ ಬಹಿರಂಗಗೊಂಡ ಮಾಹಿತಿ ತನ್ನ ವ್ಯಾಪ್ತಿಗೆ ಬಾರದು ಎಂದಿತು. ಹೀಗಾಗಿ ಅಧಿಕಾರಿಯ ಕಡತ ಕೇಳಿದವರಿಗೆ ಬಾಗಿಲು ಮೊದಲಿಗಿಂತ ಕಿರಿದು. ಮುಧೋಳದ ರೈತನ ಪಹಣಿ ಮಾತ್ರ ತೆರೆದೇ ಇದೆ. ಅದೇ ಹೊಲದ ಅಜ್ಜನ ಕಾಲದ ಉರ್ದು ಕಾಗದ ಸಿಕ್ಕರೆ, ಓದಿಸಲು ಮೊಮ್ಮಗ ಈಗಲೂ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು.