ಕಾದವಳ ಕಥೆ ಯಾರ ಕೈಯಲ್ಲಿ?

ಪ್ರೀತಿ ಹುಟ್ಟುವುದನ್ನು ತೋರಿಸುವುದರಲ್ಲಿ ಎಲ್ಲ ಭಾಷೆಗಳ ಸಿನಿಮಾಗಳೂ ಒಂದೇ. ಆದರೆ ಕೊಟ್ಟ ಮಾತು ವರ್ಷಗಟ್ಟಲೆ ಬಾಕಿ ಉಳಿದಾಗ, ಒಬ್ಬರು ಕಾಯುತ್ತಾ ಮತ್ತೊಬ್ಬರು ಕಾಯಿಸುತ್ತಾ ಹೋದಾಗ ಏನಾಗುತ್ತದೆ ಎಂಬುದನ್ನು ಕನ್ನಡ ಸಿನಿಮಾ ಬಹಳ ಹಿಂದೆಯೇ ಗಂಭೀರವಾಗಿ ಕೇಳಿತ್ತು. ಹಾಗೆ ಕೇಳಲು ಅದಕ್ಕೆ ಕಲಿಸಿದವರು ಲೇಖಕಿಯರು.

1967ರ ‘ಬೆಳ್ಳಿ ಮೋಡ’ವನ್ನೇ ನೋಡಿ. ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ. ಕಾದಂಬರಿ ಬರೆದ ತ್ರಿವೇಣಿ ಅದನ್ನು ತೆರೆಯ ಮೇಲೆ ನೋಡಲಿಲ್ಲ; 1963ರಲ್ಲೇ ತೀರಿಕೊಂಡಿದ್ದರು. ಇಂದಿರೆ ಶ್ರೀಮಂತ ಎಸ್ಟೇಟಿನ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಲಿರುವ ಮೋಹನ ಭಾವೀ ಮಾವನ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬರುತ್ತಾನೆ. ಹಿಂತಿರುಗಿದ ಮೋಹನನಿಗೆ ಮದುವೆ ಬೇಡವಾಗುತ್ತದೆ. ಮುಂದೆ ಅವನು ಬಿದ್ದು ಕಾಲು ಮುರಿದುಕೊಂಡಾಗ ಆರೈಕೆ ಮಾಡುವವಳು ಅವಳೇ. ಪಶ್ಚಾತ್ತಾಪಪಟ್ಟು ಅವನು ಮದುವೆಯ ಮಾತೆತ್ತುತ್ತಾನೆ. ಇಂದಿರೆ ಒಲ್ಲೆ ಎನ್ನುತ್ತಾಳೆ. ಸೇವೆ ಮಾಡಿದ್ದು ಮನುಷ್ಯತ್ವಕ್ಕೆ, ಅವನನ್ನು ಮರಳಿ ಪಡೆಯಲಿಕ್ಕಲ್ಲ. ಕಲ್ಪನಾ ಆ ನಿರಾಕರಣೆಯನ್ನು ಅಬ್ಬರವಿಲ್ಲದೆ ಅಭಿನಯಿಸಿದರು. ಕಾದವಳಿಗೆ ಕೊನೆಯ ತೀರ್ಮಾನದ ಹಕ್ಕು ಸಿಕ್ಕ ಚಿತ್ರ ಅದು. ಕಥೆ ಸುಖಾಂತವಾಗಲಿ ಎಂದು ಬಯಸುವ ಪ್ರೇಕ್ಷಕರ ಮುಂದೆ ಹೀಗೆ ಮುಗಿಸಲು ಧೈರ್ಯ ಬೇಕಿತ್ತು.

ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನೂ ಪುಟ್ಟಣ್ಣನವರೇ ತೆರೆಗೆ ತಂದರು. ಅಲ್ಲಿ ಚಂದ್ರಾಳ ಮದುವೆಗೆ ಅಡ್ಡ ಬರುವುದು ಅವಳು ಹುಟ್ಟಿದ ಮನೆ. ವಾಣಿ ಅವರ ಕಾದಂಬರಿಯಿಂದ 1974ರಲ್ಲಿ ದೊರೆ-ಭಗವಾನ್ ಜೋಡಿ ಮಾಡಿದ ‘ಎರಡು ಕನಸು’ ಇನ್ನೂ ಸೂಕ್ಷ್ಮ. ರಾಮಚಂದ್ರನ ಮನಸ್ಸಿನಲ್ಲಿ ಲಲಿತೆ, ಮನೆಯಲ್ಲಿ ಕೈಹಿಡಿದ ಗೌರಿ. ತಾಳಿ ಕಟ್ಟಿಯಾಗಿದೆ, ಆದರೆ ಗಂಡನಾಗಲು ಅವನು ಸಿದ್ಧನಿಲ್ಲ. ತಡವಾದ ಬದ್ಧತೆ ಎಂದರೆ ಮದುವೆಗೆ ಮುಂಚಿನ ಕಾಯುವಿಕೆ ಮಾತ್ರವಲ್ಲ, ಒಂದೇ ಸೂರಿನಡಿ ವರ್ಷಗಟ್ಟಲೆ ನಡೆಯುವಂಥದ್ದೂ ಹೌದು ಎಂಬುದನ್ನು ಈ ಚಿತ್ರದಷ್ಟು ಚೆನ್ನಾಗಿ ಹೇಳಿದ ಮತ್ತೊಂದು ಕನ್ನಡ ಚಿತ್ರ ನನಗೆ ಕಾಣದು. ರಾಜ್‌ಕುಮಾರ್ ಅವರಂಥ ನಾಯಕನಟ ಹೆಂಡತಿಯನ್ನು ನೋಯಿಸುವ ಪಾತ್ರವನ್ನು ಒಪ್ಪಿಕೊಂಡದ್ದೂ ದೊಡ್ಡ ಮಾತು.

ಗಂಡಸಿನ ನಿಷ್ಠೆಯ ಕಥೆ ಬೇರೆ ದಾರಿ ಹಿಡಿಯಿತು. ತ.ರಾ.ಸು. ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ (1972) ಚಿತ್ರದಲ್ಲಿ ರಾಮಾಚಾರಿ ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಗುರುಭಕ್ತಿ ಗೆಲ್ಲುತ್ತದೆ, ಬೆಲೆ ತೆರುವವಳು ಅಲಮೇಲು. ಒಳ್ಳೆಯದೆಂದೇ ನಂಬಿ ಮಾಡಿದ ಕೆಲಸ ಅವಳ ಬಾಳನ್ನು ಎಲ್ಲಿಗೆ ತಂದಿತು ಎಂದು ಕೊನೆಗೆ ಮೇಷ್ಟ್ರೇ ಕಾಣಬೇಕಾಗುತ್ತದೆ. ಉಷಾ ನವರತ್ನರಾಂ ಅವರ ಕಾದಂಬರಿಯಿಂದ ರಾಜೇಂದ್ರಸಿಂಗ್ ಬಾಬು ಮಾಡಿದ ‘ಬಂಧನ’ (1984) ಚಿತ್ರದಲ್ಲಿ ಡಾಕ್ಟರ್ ಹರೀಶ್ ಹೇಳುವುದಕ್ಕೇ ತಡಮಾಡುತ್ತಾನೆ. ಅವನದು ಪ್ರೀತಿ, ನಂದಿನಿ ತಿಳಿದದ್ದು ಸ್ನೇಹ. ವಿಷ್ಣುವರ್ಧನ್ ಅವರನ್ನು ನೆನೆಯುವವರು ಇಂದಿಗೂ ಆ ಹರೀಶನನ್ನು ನೆನೆಯುತ್ತಾರೆ.

ಆಮೇಲೆ ಕಾದಂಬರಿ ಆಧರಿಸಿದ ಚಿತ್ರಗಳು ಕಡಿಮೆಯಾದವು. ಕಥೆಯನ್ನು ಬಹುಪಾಲು ನಿರ್ದೇಶಕರೇ ಬರೆದುಕೊಳ್ಳತೊಡಗಿದರು, ನಿರ್ದೇಶಕರಲ್ಲಿ ಹೆಚ್ಚಿನವರು ಗಂಡಸರು. ಆಗ ಪ್ರೀತಿಯ ಭಾರವೆಲ್ಲ ನಾಯಕನ ತ್ಯಾಗದ ಮೇಲೆ ಬಿತ್ತು. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕ! ಅಮೆರಿಕ!!’ (1997) ಚಿತ್ರದ ಸೂರ್ಯ ಮೌನವಾಗಿ ಉಳಿಯುತ್ತಾನೆ. 2006ರ ಕೊನೆಯಲ್ಲಿ ಬಂದ ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ಯ ಪ್ರೀತಂ, ನಂದಿನಿಯ ಮನಸ್ಸು ತನ್ನತ್ತ ತಿರುಗಿದ್ದರೂ ಅವಳನ್ನು ನಿಶ್ಚಯವಾದ ಗಂಡಿಗೇ ಬಿಟ್ಟು ಹೊರಡುತ್ತಾನೆ. ಆ ಚಿತ್ರ ಉದ್ಯಮಕ್ಕೆ ಹೊಸ ಜೀವ ಕೊಟ್ಟಿತು, ಅದರ ಮಳೆಯನ್ನು ನಾನೂ ಪ್ರೀತಿಸುತ್ತೇನೆ. ಆದರೆ ನಂದಿನಿಯ ಬದುಕನ್ನು ಪ್ರೀತಂ ಒಬ್ಬನೇ ತೀರ್ಮಾನಿಸುವುದನ್ನು ತ್ಯಾಗವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಕೆ.ಎಸ್. ಅಶೋಕ ಅವರ ‘ದಿಯಾ’ (2020) ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾಗದ ಹುಡುಗಿಯನ್ನು ನಡುವೆ ನಿಲ್ಲಿಸಿ ಈ ಚಾಳಿಯಿಂದ ಹೊರಬಂತು.

ಹೇಮಂತ್ ಎಂ. ರಾವ್ 2023ರಲ್ಲಿ ಎರಡು ಭಾಗಗಳಾಗಿ ತಂದ ‘ಸಪ್ತ ಸಾಗರದಾಚೆ ಎಲ್ಲೋ’ ಈ ಪರಂಪರೆಯ ಮಹತ್ವಾಕಾಂಕ್ಷೆಯ ಚಿತ್ರ. ಇಲ್ಲಿ ಅಡ್ಡಿ ಜಾತಿಯಲ್ಲ, ಮನೆಯವರಲ್ಲ. ಒಂದು ಸ್ವಂತ ಮನೆಯ ಬೆಲೆ. ಆ ದುಡ್ಡಿಗಾಗಿ ಕಾರು ಚಾಲಕ ಮನು ಧಣಿಯ ಮಗ ಮಾಡಿದ ಅಪರಾಧವನ್ನು ತನ್ನ ತಲೆಗೆ ಕಟ್ಟಿಕೊಂಡು ಜೈಲಿಗೆ ಹೋಗುತ್ತಾನೆ. ಬೇಗ ಬಿಡಿಸುವ ಭರವಸೆ ಸುಳ್ಳಾಗುತ್ತದೆ. ಧಣಿಗೆ ತೋರಿದ ನಿಷ್ಠೆ ಪ್ರಿಯಾಳ ವರ್ಷಗಳನ್ನು ನುಂಗುತ್ತದೆ. ಮೊದಲ ಭಾಗದಲ್ಲಿ ರುಕ್ಮಿಣಿ ವಸಂತ್ ಕಣ್ಣಲ್ಲೇ ಆ ದಣಿವನ್ನು ಹಿಡಿದಿದ್ದಾರೆ. ಎರಡನೇ ಭಾಗದಲ್ಲಿ ಮಾತ್ರ ಕಥೆ ಬಿಡುಗಡೆಯಾಗಿ ಬಂದ ಮನುವಿನ ಹಿಂದೆ ಹೋಗುತ್ತದೆ. ಬೇರೆಯವನನ್ನು ಮದುವೆಯಾದ ಪ್ರಿಯಾ ಅವನು ದೂರದಿಂದ ನೋಡುವ ಚಿತ್ರವಾಗಿ ಉಳಿಯುತ್ತಾಳೆ. ಕಾಯುವುದನ್ನು ನಿಲ್ಲಿಸಿದ ಆ ದಿನ ಅವಳೊಳಗೆ ಏನಾಯಿತು? ತ್ರಿವೇಣಿ ಬರೆದಿದ್ದರೆ ಅಲ್ಲಿಂದಲೇ ಶುರುಮಾಡುತ್ತಿದ್ದರು.

ಕನ್ನಡದಲ್ಲಿ ಇಂದು ಕಥೆ, ಕಾದಂಬರಿ ಬರೆಯುವ ಹೆಣ್ಣುಮಕ್ಕಳಿಗೆ ಕೊರತೆಯಿಲ್ಲ. ಮುಂದಿನ ಪ್ರೇಮಚಿತ್ರಕ್ಕೆ ಕೂರುವ ನಿರ್ದೇಶಕರು ಚಿತ್ರಕಥೆ ಶುರುಮಾಡುವ ಮುನ್ನ ಅವರ ಪುಸ್ತಕಗಳನ್ನು ಓದಲಿ, ಆಗುವುದಾದರೆ ಅವರನ್ನೇ ಬರೆಯಲು ಕರೆಯಲಿ.