ಮನೆಮಂದಿ ಜೊತೆ ಬೆಟ್ಟ, ಕಾಡು, ಟೆಂಟ್: ಬೈರಾಪಟ್ಟಣ ಕಡೆಯಿಂದ ಹೊರಡೋ ಮುಂಚೆ ಇಷ್ಟು ತಿಳಿದಿರಲಿ

ಚನ್ನಪಟ್ಟಣ: ರಜೆ ಬಂತೆಂದರೆ ಕಾರಿನ ಡಿಕ್ಕಿಗೆ ಟೆಂಟ್, ಚಾಪೆ, ಸ್ಟವ್ ತುಂಬಿಕೊಂಡು ಬೆಟ್ಟದ ಕಡೆ ಹೊರಡುವ ಕುಟುಂಬಗಳು ಹೆಚ್ಚಾಗುತ್ತಿವೆ. ಇದಕ್ಕೆ ಕೊಡಗು, ಚಿಕ್ಕಮಗಳೂರಿಗೇ ಹೋಗಬೇಕೆಂದಿಲ್ಲ. ಬೈರಾಪಟ್ಟಣ, ಚನ್ನಪಟ್ಟಣ ಸುತ್ತಮುತ್ತಲೇ ರಣಹದ್ದಿನ ಬೆಟ್ಟ, ಹಳೇ ದುರ್ಗ, ಕಾವೇರಿ ಕಾಡು ಎಲ್ಲವೂ ಇದೆ. ಆದರೆ ಅದೇ ಕಾಡಿನಿಂದ ಆನೆಗಳು ನಮ್ಮ ತೋಟಕ್ಕೂ ಬರುತ್ತವೆ. ಎಲ್ಲಿ ಹತ್ತಬಹುದು, ಎಲ್ಲಿ ಮಲಗಬಾರದು ಅನ್ನೋದು ಗೊತ್ತಿಲ್ಲದೆ ಮಕ್ಕಳನ್ನು ಕರೆದುಕೊಂಡು ಹೋದರೆ ಪ್ರಾಣಕ್ಕೇ ಕುತ್ತು. ಅದಕ್ಕಾಗಿ ಈ ಮಾಹಿತಿ.

ಮೊದಲ ಪ್ರಶ್ನೆ: ಕಾಡಲ್ಲಿ ಟೆಂಟ್ ಹಾಕಬಹುದಾ?

ಇಲ್ಲ. ವನ್ಯಜೀವಿಧಾಮದ ಒಳಗೆ ಅನುಮತಿ ಇಲ್ಲದೆ ಹೋಗುವುದು, ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯ ಆಗುತ್ತೆ. ಬೆಟ್ಟದ ತುದಿಯಲ್ಲಿ ರಾತ್ರಿ ಕಳೆದು ಸೂರ್ಯೋದಯ ನೋಡ್ತೀವಿ ಅಂತ ಹೊರಟವರು ಕೇಸ್ ಹಾಕಿಸಿಕೊಳ್ಳಬೇಕಾದೀತು.

ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ಬುಕಿಂಗ್ ಇದೆ. ಹೊರಡುವ ಮುಂಚೆ ಅದರಲ್ಲಿ ಆ ಬೆಟ್ಟದ ಹೆಸರು ಇದೆಯಾ, ಅವತ್ತು ತೆರೆದಿದೆಯಾ ಅಂತ ನೋಡಿಕೊಳ್ಳಿ. ರಾತ್ರಿ ತಂಗಲು ಕಾಡಂಚಿನ ರೆಸಾರ್ಟ್, ಹೋಂಸ್ಟೇ, ಪಟ್ಟಾ ಜಮೀನಿನಲ್ಲಿರುವ ಕ್ಯಾಂಪ್ ಸೈಟ್, ಇಲ್ಲಾಂದ್ರೆ ಗುರುತಿನವರ ತೋಟ, ಇಷ್ಟೇ ದಾರಿ.

ಒಂದು ದಿನದ ದಾರಿ: ರಾಮನಗರ ಕಡೆ

ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದೇ ಸರಿ. ಬೆಳಗ್ಗೆ ರಾಮದೇವರಬೆಟ್ಟ, ಮಧ್ಯಾಹ್ನ ಜಾನಪದ ಲೋಕ, ಸಂಜೆ ಕಣ್ವ ಜಲಾಶಯ.

ರಾಮದೇವರಬೆಟ್ಟಕ್ಕೆ ಮೆಟ್ಟಿಲುಗಳಿವೆ, ಮೇಲೆ ಪಟ್ಟಾಭಿರಾಮ ದೇವಸ್ಥಾನ ಇದೆ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ರಾಮಗಢ ಇದೇ ಬೆಟ್ಟದ ಬುಡ. ಈ ಬಂಡೆಗಳಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೇ ಹೆಸರೇ ಕ್ಲೋಸ್‌ಪೇಟೆ. ಬಂಡೆಯ ವಯಸ್ಸು ಸುಮಾರು 250 ಕೋಟಿ ವರ್ಷ.

ಇಲ್ಲಿನ ಮುಖ್ಯ ವಿಷಯ ಉದ್ದ ಕೊಕ್ಕಿನ ರಣಹದ್ದು. 2012ರಲ್ಲಿ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ವನ್ಯಜೀವಿಧಾಮ ಅಂತ ಸರ್ಕಾರ ಘೋಷಿಸಿತು. ಕಡಿದಾದ ಬಂಡೆಯ ಸಂದಿಯಲ್ಲಿ ಇವು ಗೂಡು ಕಟ್ಟುತ್ತವೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಕೂಗಾಟ, ಪಟಾಕಿ, ಡ್ರೋನ್‌ಗೆ ಹೆದರಿ ಗೂಡು ಬಿಟ್ಟರೆ ಆ ವರ್ಷದ ಮರಿ ಹೋದಂತೆಯೇ. ಹಳದಿ ಕತ್ತಿನ ಪಿಕಳಾರ ಎಂಬ ಅಪರೂಪದ ಹಕ್ಕಿಯೂ ಇಲ್ಲಿದೆ. ಕರಡಿ, ಚಿರತೆ ಓಡಾಡುವ ಜಾಗವಾದ್ದರಿಂದ ಮೆಟ್ಟಿಲು ಬಿಟ್ಟು ಪೊದೆಯೊಳಗೆ ಹೋಗಬಾರದು.

ರೈತರು, ಔಷಧಿ ಅಂಗಡಿಯವರು ಗಮನಿಸಬೇಕಾದ ಒಂದು ಮಾತು. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತು, ಅದನ್ನು ರಣಹದ್ದು ತಿಂದರೆ ಕಿಡ್ನಿ ಹಾಳಾಗಿ ಸಾಯುತ್ತೆ. ದೇಶದಲ್ಲಿ ರಣಹದ್ದು ನಾಶವಾಗಲು ಇದೇ ಮುಖ್ಯ ಕಾರಣ. ಜಾನುವಾರುಗಳಿಗೆ ಈ ಔಷಧಿ ಕೊಡುವುದನ್ನು 2006ರಲ್ಲೇ ನಿಷೇಧಿಸಲಾಗಿದೆ. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಜಾನುವಾರು ಬಳಕೆಗೆ ನಿಷೇಧವಾದವು. ಮನುಷ್ಯರಿಗೆ ಕೊಡುವ ಇಂಜೆಕ್ಷನ್ನನ್ನು ದನಕ್ಕೆ ಚುಚ್ಚಿಸಬೇಡಿ, ಪಶುವೈದ್ಯರನ್ನು ಕೇಳಿ. ಮೆಲಾಕ್ಸಿಕ್ಯಾಮ್‌ನಿಂದ ರಣಹದ್ದಿಗೆ ತೊಂದರೆ ಇಲ್ಲ.

ಜಾನಪದ ಲೋಕ ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಕಣ್ವ ಜಲಾಶಯ 1946ರದು. ಅಲ್ಲಿ ನೀರಿಗೆ ಇಳಿಯದೆ ದಡದಲ್ಲೇ ಕೂತು ಬನ್ನಿ.

ಎರಡು ದಿನದ ದಾರಿ: ಕಬ್ಬಾಳು, ಸಾತನೂರು, ಹಲಗೂರು, ಮುತ್ತತ್ತಿ

ಕಾಡು ನೋಡಬೇಕು ಅನ್ನುವವರಿಗೆ ಈ ದಾರಿ. ಕಬ್ಬಾಳದುರ್ಗ ಬೋಳು ಬಂಡೆಯ ಬೆಟ್ಟ. ಮೈಸೂರು ಅರಸರ ಕಾಲದಲ್ಲಿ ಸೆರೆಮನೆಯಾಗಿತ್ತು, ಟಿಪ್ಪು ಇದಕ್ಕೆ ಜಾಫರಾಬಾದ್ ಅಂತ ಹೆಸರಿಟ್ಟಿದ್ದ. ಮಳೆ ಬಂದಾಗ ಬಂಡೆ ಜಾರುತ್ತೆ, ಚಪ್ಪಲಿ ಹಾಕಿಕೊಂಡು ಹತ್ತೋದು ಬೇಡ. ಸುತ್ತ ಆನೆ ಓಡಾಡುವ ಕಾಡು ಇರುವುದರಿಂದ ಬೆಳಗ್ಗೆ ಬಿಸಿಲು ಬಂದ ಮೇಲೆ ಹತ್ತಿ, ಮಧ್ಯಾಹ್ನದೊಳಗೆ ಇಳಿಯುವುದು ಒಳ್ಳೆಯದು.

ಸಾತನೂರು, ಹಲಗೂರು ದಾಟಿದರೆ ಕಾವೇರಿ ವನ್ಯಜೀವಿಧಾಮ. 1987ರಲ್ಲಿ ಘೋಷಣೆಯಾದ ಇದನ್ನು 2013ರಲ್ಲಿ ವಿಸ್ತರಿಸಲಾಯಿತು. ಈಗ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿದೆ. ಆನೆ, ಚಿರತೆ, ಮೊಸಳೆ, ನೀರುನಾಯಿ, ಹೊಳೆ ದಡದ ಮರಗಳಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ಇವೆ. ಹೊಳೆಯಲ್ಲಿ ಮಹಶೀರ್ ಮೀನಿದೆ. ಡುಬ್ಬದ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ, ಅಳಿವಿನಂಚಿಗೆ ಬಂದಿದೆ. ಗಾಳ ಹಾಕೋ ಹಾಗಿಲ್ಲ.

ಕುಟುಂಬಕ್ಕೆ ಟೆಂಟ್‌ನಲ್ಲಿ ಮಲಗುವ ಆಸೆ ಇದ್ದರೆ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಶಿಬಿರ ಇದೆ. ಮುಂಚೆಯೇ ಬುಕ್ ಮಾಡಬೇಕು. ಹಲಗೂರಿನಲ್ಲೇ ಪೆಟ್ರೋಲ್ ನೋಡಿಕೊಳ್ಳಿ. ಮುಂದೆ ಕಾಡು ರಸ್ತೆ, ಮೊಬೈಲ್ ಸಿಗ್ನಲ್ ನಂಬಬೇಡಿ. ಮುತ್ತತ್ತಿಯಲ್ಲಿ ಕೋತಿಗಳ ಕಾಟ ಇದೆ, ಕಾರಿನ ಗ್ಲಾಸ್ ಇಳಿಸಿಟ್ಟು ಹೋಗಬೇಡಿ.

ಮಾಗಡಿ, ಕನಕಪುರ ಕಡೆ

ಸಾವನದುರ್ಗ 1,226 ಮೀಟರ್ ಎತ್ತರ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಭಾಗ. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್ ಸೈನ್ಯ ಟಿಪ್ಪುವಿನಿಂದ ಈ ಕೋಟೆ ಕಿತ್ತುಕೊಂಡಿತು. ಬುಡದಲ್ಲಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಸ್ಥಾನಗಳಿವೆ. ನೆರಳಿಲ್ಲದ ಬಂಡೆ, ದಾರಿ ತಪ್ಪುವುದು ಸುಲಭ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ದೇವಸ್ಥಾನದವರೆಗೆ ಸಾಕು.

ಕನಕಪುರದ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತೆ. ಅಲ್ಲಿಂದ ಮೇಕೆದಾಟು ಸುಮಾರು 4 ಕಿ.ಮೀ. ಸಂಗಮ, ಮೇಕೆದಾಟು, ಮುತ್ತತ್ತಿ ಮೂರೂ ಕಡೆ ನೀರಿನ ಸುಳಿಗೆ ಸಿಕ್ಕಿ ಸತ್ತವರು ಬಹಳ ಜನ. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏಕಾಏಕಿ ಏರುತ್ತೆ. ಈಜು ಬರುತ್ತೆ ಅನ್ನುವವರೇ ಹೆಚ್ಚು ಹೋಗಿರುವುದು. ಸೆಲ್ಫಿಗೆ ಬಂಡೆ ತುದಿಗೆ ಹೋಗಬೇಡಿ.

ಆನೆ ವಿಚಾರ

ಬನ್ನೇರುಘಟ್ಟ ಮತ್ತು ಕಾವೇರಿ ಕಾಡಿನಿಂದ ಬರುವ ಆನೆಗಳು ಕಬ್ಬಾಳು, ತೆಂಗಿನಕಲ್ಲು ಅರಣ್ಯದಲ್ಲಿ ಬೀಡುಬಿಡುತ್ತವೆ. ಹಗಲು ಕಾಡಲ್ಲಿದ್ದು, ಕತ್ತಲಾದ ಮೇಲೆ ರಾಗಿ, ಬಾಳೆ, ಮಾವು, ಹಲಸಿಗೆ ಇಳಿದು, ಬೆಳಕು ಹರಿಯುವಾಗ ವಾಪಸ್ ಹೋಗುವುದು ಅವುಗಳ ರೂಢಿ. ಹಾಗಾಗಿ:

- ಸಂಜೆ 6ರಿಂದ ಬೆಳಗ್ಗೆ 7ರವರೆಗೆ ಕಾಡಂಚಿನ ರಸ್ತೆಯಲ್ಲಿ ಬೈಕ್, ನಡಿಗೆ ಬೇಡ.
- ತೋಟದಲ್ಲಿ ಟೆಂಟ್ ಹಾಕುವುದಾದರೆ ಅವತ್ತು ಆನೆ ಎಲ್ಲಿದೆ ಅಂತ ಊರಿನವರನ್ನು, ಅರಣ್ಯ ಸಿಬ್ಬಂದಿಯನ್ನು ಕೇಳಿ. ಹಲಸಿನ ಮರದ ಕೆಳಗೆ ಟೆಂಟ್ ಹಾಕಲೇಬೇಡಿ.
- ಹಲಸು, ಬಾಳೆ, ಬೆಲ್ಲ, ಉಪ್ಪು, ರಾಗಿ ಟೆಂಟ್ ಒಳಗೆ ಇಡಬಾರದು. ವಾಸನೆಗೆ ಆನೆ ಬರುತ್ತೆ.
- ರಸ್ತೆಯಲ್ಲಿ ಆನೆ ಕಂಡರೆ ದೂರದಲ್ಲೇ ಗಾಡಿ ನಿಲ್ಲಿಸಿ, ನಿಧಾನಕ್ಕೆ ಹಿಂದೆ ತೆಗೆಯಿರಿ. ಹಾರ್ನ್, ಫ್ಲ್ಯಾಶ್ ಬೇಡ. ಮರಿ ಇದ್ದರೆ ಇನ್ನೂ ದೂರ.
- ಸೌರಬೇಲಿ, ತಂತಿ ಬೇಲಿ ಮುಟ್ಟಬೇಡಿ. ಮಕ್ಕಳಿಗೆ ಮೊದಲೇ ಹೇಳಿ.

ಬೆಂಕಿ, ಹೆಜ್ಜೇನು, ಹಾವು

ಫೆಬ್ರವರಿಯಿಂದ ಮೇವರೆಗೆ ಬೆಟ್ಟದ ಹುಲ್ಲು ಒಣಗಿರುತ್ತೆ. ಒಂದು ಬೀಡಿ ತುಂಡು ಸಾಕು. ಕ್ಯಾಂಪ್ ಸೈಟ್‌ನಲ್ಲೂ ಸೌದೆ ಬದಲು ಗ್ಯಾಸ್ ಸ್ಟವ್ ಬಳಸಿ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತೆ. ಹೊಗೆ, ಕಲ್ಲೆಸೆತ ಬೇಡ, ಗಾಢ ಸೆಂಟೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ರಸ್ತೆ ಮತ್ತು ವ್ಯಾಪಾರ

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಬೈಕ್, ಆಟೋ ನಿಷೇಧ. ಬೈಕಿನವರು ಸರ್ವೀಸ್ ರಸ್ತೆ, ಹಳೇ ಹೆದ್ದಾರಿಯಲ್ಲೇ ಬರಬೇಕು. ಬೈಪಾಸ್ ಆದ ಮೇಲೆ ಹಳೇ ಹೆದ್ದಾರಿ ಬದಿಯ ಬೊಂಬೆ ಅಂಗಡಿ, ಹೋಟೆಲ್‌ಗಳಿಗೆ ಪೆಟ್ಟು ಬಿದ್ದಿದೆ. ಬೆಟ್ಟಕ್ಕೆ ಬರುವ ಕುಟುಂಬಗಳು ಊರೊಳಗೆ ಇಳಿದು ಹೋದರೆ ಇವರಿಗೂ ನಾಲ್ಕು ಕಾಸು. ಅಂಗಡಿಯವರು ನೀರಿನ ಕ್ಯಾನ್ ತುಂಬಿಸಿಕೊಡುವ ವ್ಯವಸ್ಥೆ, ಬೆಳಗ್ಗೆ ಬೇಗ ತಿಂಡಿ, ಬಟ್ಟೆ ಚೀಲ ಇಟ್ಟುಕೊಂಡರೆ ಗಿರಾಕಿ ನಿಲ್ಲುತ್ತಾರೆ. ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆ ರಾಜ್ಯದಲ್ಲಿ 2016ರಿಂದಲೇ ನಿಷೇಧ.

ಜೊತೆಗಿರಲಿ

ತಲೆಗೆ ಕನಿಷ್ಠ 2 ಲೀಟರ್ ನೀರು, ಟೋಪಿ, ಹಿಡಿತ ಇರುವ ಶೂ, ಟಾರ್ಚ್, ಓಆರ್‌ಎಸ್, ಬ್ಯಾಂಡೇಜ್, ಪವರ್ ಬ್ಯಾಂಕ್, ಕಸಕ್ಕೆ ಒಂದು ಚೀಲ. ಎಲ್ಲಿಗೆ ಹೋಗ್ತಿದ್ದೀವಿ, ಎಷ್ಟೊತ್ತಿಗೆ ಬರ್ತೀವಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಬೇಕು. ಹೋಗಲು ಒಳ್ಳೇ ಕಾಲ ಅಕ್ಟೋಬರ್‌ನಿಂದ ಜನವರಿ. ಆದರೆ ಅದೇ ರಾಗಿ ಕೊಯ್ಲಿನ ಕಾಲ, ಆನೆಗಳೂ ಹೊಲಕ್ಕೆ ಬರುವ ಕಾಲ ಅನ್ನೋದು ನೆನಪಿರಲಿ.

ತುರ್ತು ಕರೆ: ಆಂಬುಲೆನ್ಸ್ 108, ಪೊಲೀಸ್ ಮತ್ತು ಇತರೆ ತುರ್ತು ನೆರವು 112, ಅರಣ್ಯ ಸಹಾಯವಾಣಿ 1926.