ಕುಂಚದಿಂದ ಫಾಂಟಿಗೆ

ಗೋವಾ ಗಡಿಯ ಅನಮೋಡಕ್ಕೆ ಫಲಕ ಬರೆಯುವವನದು ಸುಲಭದ ಕೆಲಸ. ಊರ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲ. ಜೊಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲೂ ಇಲ್ಲ. ಹಲಗೆ ತುಂಬ ಅಕ್ಷರ ಎಳೆಯಬಹುದು. ಹುಬ್ಬಳ್ಳಿ ಎಂದು ಬರೆಯಹೊರಟರೆ ಆಟ ಬೇರೆ: ಸಾಲಿನ ಕೆಳಗೆ ಎರಡು ಒತ್ತು ಇಳಿಯುತ್ತವೆ, ಅವಕ್ಕಾಗಿ ಮೇಲಿನ ಅಕ್ಷರ ಕುಗ್ಗಬೇಕು. ಕನ್ನಡದ ಶೀರ್ಷಿಕೆ ಅಕ್ಷರಗಳ ಚರಿತ್ರೆಯೆಲ್ಲ ಈ ಜಾಗದ ಜಗಳವೇ ಎಂದು ನನಗನ್ನಿಸುತ್ತದೆ.

ಅಕ್ಷರವನ್ನು ಸಿಂಗರಿಸುವ ಗೀಳು ಮಾತ್ರ ಹಳೆಯದು. ಕವಿ ಕುಬ್ಜ ತನ್ನ ಸಂಸ್ಕೃತ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ ತಾಳಗುಂದದ ಕದಂಬ ಶಾಸನದಲ್ಲಿ ಅಕ್ಷರಗಳ ನೆತ್ತಿಗೆ ಪುಟ್ಟ ಪೆಟ್ಟಿಗೆಗಳಿವೆ. ಓದುವುದಕ್ಕೆ ಅವು ಬೇಕಿಲ್ಲ, ಅಂದಕ್ಕಷ್ಟೇ.

1843ರ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನದು, ಕೈಬರಹವೇ ಪುಟವಾಯಿತು. ಆಮೇಲೆ ಅಚ್ಚುಮೊಳೆಗಳ ಕಾಲ. ಒತ್ತು, ಕೊಂಬುಗಳ ಸಂಸಾರ ಸಮೇತ ದೊಡ್ಡ ಗಾತ್ರದ ಮೊಳೆಗಳನ್ನು ಎರಕ ಹೊಯ್ಯಿಸುವುದು ದುಬಾರಿ. ಹಾಗಾಗಿ ಒಳಪುಟ ಮೊಳೆಗೆ, ರಕ್ಷಾಪುಟ ಕಲಾವಿದನಿಗೆ ಎಂದು ಪಾಲಾಯಿತು. ಸಿನಿಮಾ ಪೋಸ್ಟರು, ಅಂಗಡಿ ಬೋರ್ಡು, ಲಾರಿಯ ಹಿಂಬದಿ ಎಲ್ಲವೂ ಕುಂಚದ ಪಾಲಿಗೆ ಬಂದವು. ಬೋರ್ಡು ಬರೆಯುವವರು ಸುಣ್ಣದ ದಾರ ಮೀಟಿ ಎರಡು ಗೆರೆ ಮೂಡಿಸಿಕೊಳ್ಳುತ್ತಾರೆ. ಚಪ್ಪಟೆ ಬ್ರಶ್ಶಿನಲ್ಲಿ ತಲೆಕಟ್ಟು ಒಂದೇ ಎಳೆತ. ಒತ್ತನ್ನು ಕೊನೆಗೆ, ಪಕ್ಕದ ಅಕ್ಷರದ ಹೊಟ್ಟೆಯಡಿ ಎಲ್ಲಿ ಸಂದು ಸಿಗುತ್ತದೋ ಅಲ್ಲಿ ತೂರಿಸುತ್ತಾರೆ. ಮೊಳೆಗೆ ನೆರೆಯವನ ಗುರುತಿಲ್ಲ. ಕುಂಚ ಹಿಡಿದವನಿಗೆ ಇಡೀ ಪದವೇ ಕಣ್ಣೆದುರು.

ಕಂಪ್ಯೂಟರು ಬಂದಾಗ ಈ ಜಾಣ್ಮೆ ಹೊರಗೇ ಉಳಿಯಿತು. 1998ರ ‘ಬರಹ’ ತಂತ್ರಾಂಶ, ಆಮೇಲಿನ ‘ನುಡಿ’, ವಿಂಡೋಸ್‌ಗಾಗಿ ಆರ್.ಕೆ. ಜೋಶಿ ರೂಪಿಸಿದ ‘ತುಂಗಾ’ ಫಾಂಟು ಓದುಬರಹಕ್ಕೆ ದೊಡ್ಡ ಉಪಕಾರ ಮಾಡಿದವು. ಆದರೆ ಫ್ಲೆಕ್ಸ್ ಅಂಗಡಿಗಳು ಓದಲೆಂದು ಮಾಡಿದ ಅಕ್ಷರವನ್ನೇ ಹಿಗ್ಗಿಸಿ, ಅಂಚು ಕಟ್ಟಿ, ನೆರಳು ಬಿಡಿಸಿ ಬೀದಿಗೆ ತಂದವು. ಕನ್ನಡದ ಬೀದಿ ಅಷ್ಟು ಕುರೂಪವಾಗಿ ಎಂದೂ ಕಂಡಿರಲಿಲ್ಲ.

ಯುನಿಕೋಡ್, ಓಪನ್‌ಟೈಪ್ ಬಂದ ಮೇಲೆ ಯಾವ ಒತ್ತು ಎಲ್ಲಿ ಕೂರಬೇಕೆಂಬ ಲೆಕ್ಕವನ್ನು ಫಾಂಟಿನೊಳಗೇ ಬರೆದಿಡುವುದು ಸಾಧ್ಯವಾಯಿತು. ಕೈಬರಹದ ಧಾಟಿಯ ‘ನವಿಲು’ ಬಂತು. ಏಕ್ ಟೈಪ್‌ನವರ ದಢೂತಿ ‘ಬಾಲೂ ತಮ್ಮ’ ಬಂತು. ಬೇಕರಿ ಬೋರ್ಡಿಗೆ ಹೇಳಿ ಮಾಡಿಸಿದ ಹಾಗಿದೆ. ಎರಿನ್ ಮೆಕ್ಲಾಫ್ಲಿನ್ ಅವರದು ಸಮದಪ್ಪದ ಸಲೀಸು ಗೆರೆಯ ‘ಹುಬ್ಬಳ್ಳಿ’. ನನ್ನ ಮೆಚ್ಚಿನದು ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ‘ಅಕಾಯಾ ಕನಡಕ’. ಇದಕ್ಕೊಂದು ತೆಲುಗು ಜೋಡಿಯೂ ಇದೆ. ಎರಡರಲ್ಲೂ ರೋಮನ್ ಅಕ್ಷರಗಳು ಒಂದೇ. ಪುಸ್ತಕದ ಹೆಸರು, ಆಮಂತ್ರಣ, ದಾಂಡೇಲಿಯ ಹೋಮ್‌ಸ್ಟೇ ಫಲಕಗಳಿಗೆ ಒಪ್ಪುತ್ತದೆ. ಇಂಗ್ಲಿಷಿಗೆ ಸೊಗಸು, ಕನ್ನಡಕ್ಕೆ ಕಚೇರಿ ಅಕ್ಷರ ಎಂಬ ತಾರತಮ್ಯ ಇಲ್ಲಿಲ್ಲ. ಇರುವುದು ಒಂದೇ ದಪ್ಪ ಎಂಬುದು ಕೊರತೆ. ಪ್ಯಾರಾಗಟ್ಟಲೆ ಬರಹಕ್ಕೂ ಘಟ್ಟದ ತಿರುವಿನ ಎಚ್ಚರಿಕೆಗೂ ಇದು ಬೇಡ.

ಫಲಕದಲ್ಲಿ ಶೇ 60 ಕನ್ನಡ ಇರಬೇಕೆಂದು ಕರ್ನಾಟಕದ ಭಾಷಾ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಅಕ್ಷರದ ಚೆಂದ ಕಾನೂನಿನ ತಲೆನೋವಲ್ಲ, ಬರೆಸುವವರದು. ಅವರು ಫಾಂಟು ಆರಿಸುವ ಮೊದಲು ‘ಸ್ವಾತಂತ್ರ್ಯ’ ಎಂದು ಟೈಪಿಸಿ ನೋಡಲಿ. ಕೊನೆಯ ಒತ್ತುಗಳು ಮುದ್ದೆಯಾದರೆ ಬೇರೆ ಹುಡುಕಲಿ.